ಮನಿ ನೋಡಾಕ ಬಂದೀವ್ರಿ

ಜಮಖಂಡಿಯಲ್ಲಿ ಖೋಲಿ, ಮನೆ, ಜಾಗ ಬೇಕೆಂದವರಿಗೆ ಹುಡುಕಿಕೊಡುವ ಕೆಲಸವನ್ನು ನಾನು ಮೊಣಕಾಲು ಸಾಕೆನ್ನುವವರೆಗೂ ಮಾಡಿದೆ. ಊರವರು ನನ್ನನ್ನು ‘ಮನಿ ಕಮಲಕ್ಕ’ ಎನ್ನುತ್ತಿದ್ದರು. ಹೆಂಗಸನ್ನು ದಲ್ಲಾಳಿ ಎಂದು ಕರೆಯಲು ಅವರಿಗೇ ಮುಜುಗರವಾಗಿರಬೇಕು. ಈಗ ನನ್ನ ತಂಗಿಯ ಮಗಳು ಇದೇ ಕೆಲಸಕ್ಕೆ ಇಳಿದಿದ್ದಾಳೆ. ಅವಳ ಆಫೀಸಿಗೆ ಗಾಜಿನ ಬಾಗಿಲು. ಗಿರಾಕಿ ಚಪ್ಪಲಿ ಮೆಟ್ಟುವ ಮೊದಲೇ ಮನೆಯ ಫೋಟೊ, ಅಡುಗೆಮನೆಯ ಫೋಟೊ, ಕೊನೆಗೆ ಬಚ್ಚಲಿನ ಫೋಟೊ ಕೂಡ ಅವರ ಮೊಬೈಲಿಗೆ ಹೋಗಿರುತ್ತವೆ. “ದೊಡ್ಡವ್ವಾ, ಫೋಟೊ ಇಲ್ದ ನೀವು ಹೆಂಗ ಮಾರ್ತಿದ್ರಿ?” ಎಂದು ಕೇಳಿದಳು. ಹೆಂಗ ಮಾರ್ತಿದ್ದೆ ಎಂಬುದು ನನಗೇ ಪೂರ್ತಿ ತಿಳಿದಿರಲಿಲ್ಲ. ಅದಕ್ಕೇ ಬರೆಯಲು ಕುಳಿತೆ.

ಮೊದಮೊದಲು ನಾನು ಹೊರಗಿನಿಂದ ಬಂದ ಮಾಸ್ತರಿಣಿಯರಿಗೆ ಖೋಲಿ ಹುಡುಕಿಕೊಡುತ್ತಿದ್ದೆ, ಅಷ್ಟೆ. ಕೋರ್ಟಿನ ಎದುರಿನ ಚಹಾದಂಗಡಿಯ ಬೆಂಚೇ ಆಫೀಸಾಗಿದ್ದ ದಸ್ತಗೀರ ಚಾಚಾ ಅದನ್ನು ನೋಡಿ, “ಬೇಟಿ, ಖೋಲಿ ತೋರಸಾಕ ಬರ್ತೈತಿ ಅಂದ್ರ ಮನೀನೂ ತೋರಸಾಕ ಬರ್ತೈತಿ” ಎಂದು ನನ್ನನ್ನು ಜೊತೆಗೆ ಕರೆದುಕೊಂಡರು. ಅವರೇ ನನ್ನ ಸಾಹೇಬರು. ಬೈಯುವುದರಲ್ಲಿ ನಿಜವಾದ ಸಾಹೇಬರನ್ನೂ ಮೀರಿಸಿದ್ದರು.

ಬೈಸಿಕೊಳ್ಳಲು ನನಗೆ ಬಹಳ ದಿನ ಕಾಯಬೇಕಾಗಲಿಲ್ಲ. ಒಬ್ಬ ಬ್ಯಾಂಕಿನ ಕ್ಲಾರ್ಕಿಗೆ ಮನೆ ತೋರಿಸಿದೆ. ಮಾಲಕ ನಲ್ಲಿ ತಿರುಗಿಸಿದರೆ ನೀರು ಭೋರ್ಗರೆದು ಬಂತು. ಕ್ಲಾರ್ಕ್ ಮರುದಿನವೇ ಸಾಮಾನು ತಂದಿಳಿಸಿದ. ಆಮೇಲೆ ತಿಳಿಯಿತು, ಆ ನಲ್ಲಿಗೆ ನೀರು ಬರುತ್ತಿದ್ದುದು ಮಾಳಿಗೆಯ ಮೇಲಿನ ಒಂದು ಡ್ರಮ್ಮಿನಿಂದ. ನಾವು ಬರುವೆವೆಂದು ಮಾಲಕನ ಮಕ್ಕಳು ಬೆಳಗಿನಿಂದ ಕೊಡ ಹೊತ್ತು ಅದನ್ನು ತುಂಬಿಸಿದ್ದರು! ಬೇರೆ ಮನೆ ಸಿಗುವವರೆಗೆ ಆ ಕ್ಲಾರ್ಕ್ ದಿನಾ ಕೊಡ ಹಿಡಿದು ನಮ್ಮ ಮನೆಗೇ ನೀರಿಗೆ ಬಂದ. ನನ್ನ ಗಂಡ ಅವನಿಗೆ ಚಹಾ ಕೊಟ್ಟು ಕಳಿಸುತ್ತಿದ್ದ. ಚಾಚಾ ಮೊದಲು ಬೈದರು, ಆಮೇಲೆ ಬಾಯೊಳಗಿನ ಎಲೆಅಡಿಕೆ ಉಗುಳಲೂ ಆಗದಷ್ಟು ನಕ್ಕರು. ಅಂದಿನಿಂದ ನಾನು ನೀರು ಬಿಡುವ ಹೊತ್ತಿಗೆ ಹೋಗಿ, ಬೀದಿಯ ನಲ್ಲಿಯನ್ನೂ ನೋಡಿದ ಮೇಲೆಯೇ ಮಾತು ಆಡಿದ್ದು.

ಆಣೆಕಟ್ಟಿನ ಹಿನ್ನೀರು ಏರಿ ಬೀಳಗಿ ಕಡೆಯ ಹೊಳೆದಂಡೆಯ ಜನ ಅತ್ತಿತ್ತ ಚದುರಿದ ಮೇಲೆ ನಮ್ಮ ಕೆಲಸದ ಬಣ್ಣವೇ ಬದಲಾಯಿತು. ಮನೆಯನ್ನು ಎಂದೂ ಕೊಂಡಿರದ ಜನ ಮನೆ ಕೊಳ್ಳಲು ಬಂದರು. ಅವರಿಗೆ ಮನೆಯೆಂದರೆ ತಾವೇ ಕಟ್ಟಿಕೊಳ್ಳುವಂಥದು ಇಲ್ಲವೆ ಹುಟ್ಟುವಾಗಲೇ ಇರುವಂಥದು. ಅಂಗಡಿಯ ಸೀರೆಯಂತೆ ನೋಡಿ, ಮುಟ್ಟಿ, ಬೇಡವೆಂದು ಎದ್ದುಬರಬಹುದು ಎಂಬುದೇ ಅವರಿಗೆ ಹೊಸದು. ಅಂಥವರಲ್ಲಿ ನನಗೆ ಬಹಳ ನೆನಪಾಗುವವರು ಬೀರಪ್ಪನ ಮನೆಯವರು.

ಬೀರಪ್ಪ ಬಸ್ಸಿನ ಡ್ರೈವರ್. ಗಲಗಲಿ ಕಡೆಯ ಕುರಿ ಸಾಕುವ ಮನೆತನ. ಹೆಂಡತಿ ರೇಣವ್ವ, ತಾಯಿ ಮಾಯವ್ವ. ಊರಿನ ಮನೆ ನೀರಿಗೆ ಹೋದ ಮೇಲೆ ಜಮಖಂಡಿಯಲ್ಲಿ ಬಾಡಿಗೆಗೆ ಇದ್ದರು. ಅವನ ಗಾಡಿ ದಿನಾ ರಬಕವಿ-ಬನಹಟ್ಟಿಗೆ ಓಡುತ್ತಿದ್ದುದರಿಂದ ಅಲ್ಲಿಯೇ ಒಂದು ಮನೆ ಆದರೂ ನಡೆದೀತು ಎಂದಿದ್ದ. ಮಳೆಗಾಲದ ಒಳಗೆ ಈಗಿನ ಮನೆ ಬಿಡಬೇಕಿತ್ತು, ಮಾಲಕನ ಮಗನ ಮದುವೆ ನಿಶ್ಚಯವಾಗಿತ್ತು.

ಚಾಚಾ ಹೇಳಿಕೊಟ್ಟಿದ್ದು ಒಂದಿತ್ತು. ಮೊದಲ ಸಲ ಮನೆ ಕೊಳ್ಳುವವರನ್ನು ಸೀದಾ ಮನೆ ತೋರಿಸಲು ಒಯ್ಯಬಾರದು, ಕುಂದರಿಸಿಕೊಂಡು ಮಾತಾಡಬೇಕು. ಕುಂದರಿಸಿದೆ. ನಿಮಗೆ ಎಂಥ ಮನೆ ಬೇಕು ಎಂದು ಕೇಳಿದೆ.

“ಓಣಿಯೊಳಗ ಗಾಡಿ ತಿರುಗಬೇಕ್ರಿ” ಎಂದ ಬೀರಪ್ಪ.

“ಯಾವ ಗಾಡಿ?”

“ಬಸ್ಸು.”

“ಬಸ್ಸು ಮನಿಗೆ ತರ್ತೀಯೇನೋ?”

“ಇಲ್ರಿ ಅಕ್ಕಾರ. ಆದ್ರ ಬಸ್ಸು ತಿರುಗದ ಜಾಗಾದಾಗ ನನಗ ಉಸರು ಕಟ್ಟಿದಂಗ ಆಗತೈತ್ರಿ.”

ರೇಣವ್ವನಿಗೆ ಅಡುಗೆಮನೆಯೊಳಗೇ ನಲ್ಲಿ ಬೇಕು. ಮಾಯವ್ವನಿಗೆ ಕುಂತು ಹೋಗಿಬರುವವರನ್ನು ಮಾತಾಡಿಸಲು ಮುಂದೊಂದು ಕಟ್ಟೆ ಬೇಕು. ಸರಿ, ಇಷ್ಟು ತಿಳಿದುಕೊಂಡು ಜಮಖಂಡಿಯಲ್ಲಿಯೇ ಒಂದು ಮನೆಗೆ ಕರೆದೊಯ್ದೆ. ರೇಣವ್ವ ಅಡುಗೆಮನೆಗೆ ಕಾಲಿಟ್ಟವಳೇ, “ಅಯ್ಯ ಯವ್ವಾ, ನಳ!” ಎಂದು ಕೂಗಿ, ತಿರುಗಿಸಿ, ಬಂದ್ ಮಾಡಿ, ಮತ್ತೆ ತಿರುಗಿಸಿ ನಗತೊಡಗಿದಳು. ಬೀರಪ್ಪನೂ ನಕ್ಕ. ನಾವು ಪಡಸಾಲೆಗೆ ಬರುವಷ್ಟರಲ್ಲಿ ಮಾಲಕ ರೇಟು ಏರಿಸಿಬಿಟ್ಟಿದ್ದ.

ಆದ್ದರಿಂದ ತಾಲೀಮು ಶುರು ಮಾಡಿದೆ. ನಮ್ಮ ಮನೆಯ ಪಡಸಾಲೆಯಲ್ಲಿ ನಾನೇ ಮಾಲಕಿಯಾಗಿ ಕುಳಿತೆ, ಅವರು ಹೊರಗಿನಿಂದ ಬಂದರು. ಬೀರಪ್ಪ ಕೈಮುಗಿದು, “ಮನಿ ಭಾಳ ಛಲೋ ಐತ್ರಿ” ಎಂದ.

“ಮುಗೀತು! ಇನ್ನ ನಾ ಹೇಳಿದ್ದ ರೇಟು” ಎಂದೆ. “ಮನಿ ಎಷ್ಟ ಛಲೋ ಇದ್ರೂ ಮಾರಿ ಮ್ಯಾಲ ತೋರಸಬ್ಯಾಡ್ರಿ. ಮನಿ ಕಾಗದ, ಉತಾರ, ಯಾರ ಹೆಸರಿಗೈತಿ ಕೇಳ್ರಿ. ಅಣ್ಣತಮ್ಮರ ಪಾಲು ಆಗೇತೇನು, ಕೋರ್ಟು ಕಚೇರಿ ಐತೇನು ಕೇಳ್ರಿ. ಸೋರ್ತೈತೇನು, ಹುಳ ಹತ್ತೇತೇನು ನೋಡ್ರಿ. ಆಮ್ಯಾಲ ಬೇಡಿಕಿ ಏನು ಅಂತ ಕೇಳ್ರಿ. ಅಲ್ಲೀತನಕ ಒಬ್ಬರೂ ಹಲ್ಲು ತೋರಸಬಾರದು.”

ರೇಣವ್ವ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ಬೆನ್ನು ಕುಲುಕುತ್ತಿತ್ತು. ಮಾಯವ್ವ ಮಾತ್ರ ಗಂಭೀರವಾಗಿ, “ಇದೇನ ದೊಡ್ಡ ಮಾತ ಬಿಡವ್ವಾ. ಕುರಿ ಕೊಳ್ಳಾಕ ಹ್ವಾದಾಗ ನಾ ಎಂದರ ನಕ್ಕೀನೇನ? ಹಲ್ಲ ನೋಡೂದು, ಬೆನ್ನ ಹಿಚುಕೂದು, ಮಾರಿ ಕಿವಚೂದು” ಎಂದು ಎದ್ದು ನಮ್ಮ ಮನೆಯ ಗೋಡೆಯನ್ನೇ ಹಿಚುಕಿ ಮುಖ ಕಿವುಚಿ ತೋರಿಸಿದಳು. ನನಗೆ ನಮ್ಮ ಮನೆಯ ಮೇಲೆಯೇ ಅನುಮಾನ ಬಂತು.

ಅಷ್ಟರಲ್ಲಿ ಬನಹಟ್ಟಿಯ ಒಂದು ಮನೆಯ ಸುದ್ದಿ ಬಂತು. ಸಾಲೆಯಿಂದ ನಿವೃತ್ತರಾದ ಸುಶೀಲಾಬಾಯಿ ಎಂಬವರು ಮನೆ ಮಾರಿ ಮಿರಜಿನಲ್ಲಿದ್ದ ಅಕ್ಕನ ಹತ್ತಿರ ಹೊರಟಿದ್ದರು. ಇಬ್ಬರೂ ಸೇರಿ ಊರೂರು ತಿರುಗಬೇಕೆಂಬ ಆಸೆ. ಅವರು ತಮ್ಮ ಓಣಿಯ ಎಸ್‌ಟಿಡಿ ಅಂಗಡಿಯಿಂದ ನಮ್ಮ ಪಕ್ಕದ ಅಂಗಡಿಗೆ ಫೋನು ಮಾಡಿದರು. ಅವರ ಹಿಂದೆ ಮಗ್ಗಗಳ ಸಪ್ಪಳವೋ ಸಪ್ಪಳ. ‘ಗುಡಿ... ಓಣಿ... ನೀಲಿ ಬಾಗಲಾ’ ಎಂದಷ್ಟೇ ಕೇಳಿತು. ಗುಡಿಯ ಎದುರಿನ ಓಣಿ ಎಂದು ನಾನು ತಿಳಿದೆ. ಅವರು ಹೇಳಿದ್ದು ಗುಡಿಯ ಹಿಂದಿನ ಓಣಿ.

ಮರುದಿನ ಬೀರಪ್ಪನಿಗೆ ರಜೆ. ನಾಲ್ವರೂ ಹೋದೆವು. ಎದುರಿನ ಓಣಿಯಲ್ಲಿ ಮನೆಮನೆಗೂ ಮಗ್ಗ ಖಟಕ್ ಪಟಕ್ ಎನ್ನುತ್ತಿತ್ತು, ಒಂದು ಮನೆ ಮಾತ್ರ ಸುಮ್ಮನಿತ್ತು. ಬಾಗಿಲಿಗೆ ನೀಲಿ ಬಣ್ಣ, ಅದೂ ಹಸಿ ಹಸಿ. ಮಾರುವ ಮುನ್ನ ಬಣ್ಣ ಬಳಿಸುವುದು ಎಲ್ಲರೂ ಮಾಡುವುದೇ. ಒಳಗಿನಿಂದ ಇಸ್ತ್ರಿ ಮಾಡಿದ ಅಂಗಿಯ ಒಬ್ಬ ಮನುಷ್ಯ ಬಂದ. ಸುಶೀಲಾಬಾಯಿಯವರ ಕಡೆಯವರಿರಬೇಕೆಂದು, “ಮನಿ ನೋಡಾಕ ಬಂದೀವ್ರಿ” ಎಂದೆ.

“ಬರ್ರಿ ಬರ್ರಿ! ಬೆಳಗಿಂದ ನಿಮ್ಮದ ಹಾದಿ ಕಾಯಾಕತ್ತೀವಿ!”

ಆತನ ಹೆಸರು ಸಂಗಪ್ಪ, ಹೆಂಡತಿ ಗೌರವ್ವ. ಕಾಲಿಗೆ ನೀರು ಕೊಟ್ಟರು. ಚಾಪೆಯ ಮೇಲೆ ಹೊಸ ಚಾದರ ಹಾಸಿದರು. ಶಿರಾ ಬಂತು, ಚೂಡಾ ಬಂತು, ಬಾಳೆಹಣ್ಣು ಬಂತು. ಮನೆ ಮಾರುವವರು ಶಿರಾ ಮಾಡಿದ್ದನ್ನು ನಾನು ಅದೇ ಮೊದಲು ನೋಡಿದ್ದು. “ಈ ಮನಿ ನಿಮ್ಮದ ಅಂತ ತಿಳ್ಕೊರಿ” ಎಂದ ಸಂಗಪ್ಪ. ರೇಣವ್ವನ ತುಟಿ ಅದುರಿತು. ನಾನು ಕಣ್ಣಲ್ಲೇ ಗದರಿಸಿದೆ.

ಬೀರಪ್ಪ ತಾಲೀಮಿನಂತೆ ಶುರು ಮಾಡಿದ. “ಉತಾರ ಯಾರ ಹೆಸರಿಗೈತ್ರಿ?”

ಸಂಗಪ್ಪ ಸ್ವಲ್ಪ ಬೆಚ್ಚಿದ. “ನನ್ನ ಹೆಸರಿಗೇ ಐತ್ರಿ.”

ಮಾರುವುದು ಸುಶೀಲಾಬಾಯಿಯಾದರೆ ಉತಾರ ಈತನ ಹೆಸರಿಗೆ ಹೇಗೆ ಎಂದು ಒಂದು ಗಳಿಗೆ ಅನ್ನಿಸಿತು. ತಮ್ಮ ಇರಬೇಕೆಂದುಕೊಂಡು ಶಿರಾ ತಿಂದೆ.

“ಅಣ್ಣತಮ್ಮರ ಪಾಲು?”

“ಆಗೇತ್ರಿ. ಎಲ್ಲಾರೂ ಛಲೋ ಇದ್ದೀವಿ.”

“ಕೋರ್ಟು, ತಕರಾರು?”

“ದೇವರಾಣಿ ಇಲ್ರಿ!” ಎಂದ ಸಂಗಪ್ಪ ಹಣೆಯ ಬೆವರು ಒರೆಸಿಕೊಂಡ.

ಅಷ್ಟು ಹೊತ್ತಿಗೆ ಮಾಯವ್ವ ಎದ್ದು ಮನೆಯನ್ನೆಲ್ಲ ತಿರುಗಿ ಬಂದಿದ್ದಳು. ಬಾಗಿಲನ್ನೂ ಹಿಚುಕಿ ನೋಡಿದ್ದರಿಂದ ಎರಡೂ ಅಂಗೈ ನೀಲಿಯಾಗಿದ್ದವು. ಮುಖ ಕಿವುಚಿ, “ಹಿಂದಿನ ಗ್ವಾಡಿ ನೀರು ಕುಡದೈತಿ” ಎಂದಳು.

“ಮಳಿಗಾಲಕ್ಕಿಂತ ಮೊದಲ ಸಿಮೆಂಟ್ ಗಿಲಾಯ ಮಾಡಸ್ತೀನಿ ಯವ್ವಾ” ಎಂದ ಸಂಗಪ್ಪ ಪರೀಕ್ಷೆಯ ಹುಡುಗನಂತೆ.

“ಹಂಗಾರ ನಿಮ್ಮ ಬೇಡಿಕಿ ಏನೈತಿ, ಹೇಳಿಬಿಡ್ರಿ” ಎಂದ ಬೀರಪ್ಪ.

ಸಂಗಪ್ಪ ಎರಡೂ ಕೈ ಜೋಡಿಸಿದ. “ಬೇಡಿಕಿ ಅನ್ನೂ ಮಾತ ಎತ್ತಬ್ಯಾಡ್ರಿ. ನಾವು ಒಂದು ಪೈಸಾ ಕೇಳೂ ಮಂದಿ ಅಲ್ಲ. ನೀವು ಖುಷೀಲೆ ಕೊಟ್ಟದ್ದು ಸಾಕು. ಕೊಡದಿದ್ರೂ ನಡೀತೈತಿ.”

ನನ್ನ ಕೈಯೊಳಗಿನ ಬಾಳೆಹಣ್ಣು ಜಾರಿತು. ಬೀರಪ್ಪ ತಾಲೀಮು ಮರೆತು ಮೂವತ್ತೆರಡೂ ಹಲ್ಲು ತೋರಿಸಿದ. ರೇಣವ್ವ ತಡೆದುಕೊಂಡಿದ್ದ ನಗೆಯೆಲ್ಲ ಒಮ್ಮೆಲೇ ಹೊರಬಂತು. ನನಗೆ ಮಾತ್ರ ಭಯವಾಯಿತು. ಪುಕ್ಕಟೆ ಕೊಡುವ ಮನೆಯಲ್ಲಿ ದೆವ್ವವಿರಬೇಕು, ಇಲ್ಲವೆ ಬುಡದಲ್ಲಿ ಬಾವಿಯಿರಬೇಕು. ಸಂಗಪ್ಪನ ಹತ್ತಿರ ಸರಿದು ಮೆಲ್ಲಗೆ ಕೇಳಿದೆ: “ಖರೆ ಹೇಳ್ರಿ, ಏನರ ಐಬ ಐತೇನ್ರಿ?”

“ಐಬಾ? ಒಂದ ಒಂದು ಚಟ ಇಲ್ರಿ ಅಕ್ಕಾರ. ಎಲೆಅಡಿಕಿ ಸೈತ ಮುಟ್ಟೂದಿಲ್ಲ.”

ಎಲೆಅಡಿಕೆ ಮುಟ್ಟದ ಮನೆ! ಇದೇನೋ ಬನಹಟ್ಟಿಯ ಚೇಷ್ಟೆಯ ಮಾತು ಎಂದು ನಾನು ನಕ್ಕೆ. ಅವನೂ ನಕ್ಕ. ಎಲ್ಲರೂ ಬಹಳ ಸಂತೋಷದಲ್ಲಿದ್ದೆವು.

“ಮತ್ತ ನಾವು ಯಾವಾಗ ಬರೂಣ್ರಿ?” ಎಂದ ಬೀರಪ್ಪ.

“ಛಲೋ ದಿನಾ ನೋಡಿ ಬರ್ರಿ. ಎಷ್ಟು ಮಂದಿ ಬರ್ತೀರಿ?”

“ಮನಿಮಂದಿ ಎಲ್ಲಾ ಬರ್ತೀವ್ರಿ.”

“ಅಗದೀ ಛಲೋ. ಎಷ್ಟು ದಿನಾ ಇರ್ತೀರಿ?”

“ಸಾಯೂತನಕ ಇರ್ತೀವ್ರಿ!” ಎಂದ ಬೀರಪ್ಪ, ಕಣ್ಣಲ್ಲಿ ನೀರು ತುಂಬಿಕೊಂಡು.

ಸಂಗಪ್ಪನ ನಗೆ ಅಲ್ಲೇ ನಿಂತಿತು. ಗೌರವ್ವ ಅಡುಗೆಮನೆಯಿಂದ ಇಣುಕಿದಳು. ರೇಣವ್ವ ಅವಳನ್ನು ಕಂಡು ಕರುಣೆಯಿಂದ, “ನೀವು ಎಲ್ಲಿ ಹೋಗ್ತೀರಿ ಅಕ್ಕಾರ? ಬ್ಯಾರೆ ಮನಿ ನೋಡೀರೇನು?” ಎಂದು ಕೇಳಿದಳು.

“ನಾವ್ಯಾಕ ಹೋಗಬೇಕ?” ಎಂದಳು ಗೌರವ್ವ. ಗಂಡನ ಕಡೆ ತಿರುಗಿ, “ಏನ್ರೀ ಇದು, ಮಗಳನ ಕೊಡ್ತೀವಿ ಅಂತ ಬಂದ ಬೀಗರು ನಮ್ಮನ್ನ ಮನಿ ಬಿಡಸಾಕತ್ತಾರ!”

“ಮಗಳು? ಯಾರ ಮಗಳು?” ಎಂದೆ ನಾನು.

ಆಗ ಎಲ್ಲ ಹೊರಬಿತ್ತು. ಅವರ ಮಗ ಮಹೇಶನಿಗೆ ಮುಧೋಳದ ಕನ್ಯೆ ಒಪ್ಪಿಗೆಯಾಗಿತ್ತು. ಹುಡುಗನೂ ಅವನ ಸೋದರಮಾವನೂ ಹೋಗಿ ನೋಡಿಬಂದಿದ್ದರು. ಹುಡುಗಿಯ ಅಪ್ಪ, ಅವ್ವ, ಅಜ್ಜಿ ಅಂದು ಗಂಡಿನ ಮನೆ ನೋಡಲು ಬರುವವರಿದ್ದರು. ಅವರ ಮುಖ ಕಂಡಿದ್ದ ಮಹೇಶ ಮತ್ತು ಮಾವ ಬಸ್‌ಸ್ಟ್ಯಾಂಡಿಗೆ ಕರೆತರಲು ಹೋಗಿದ್ದರು. ಇತ್ತ ನಾವು ಬಂದಿದ್ದೆವು, ಗಂಡ, ಹೆಂಡತಿ, ಮುದುಕಿ. ಅವರ ಲೆಕ್ಕದಲ್ಲಿ ನಾನು ಮದುವೆ ಕೂಡಿಸುವವಳು!

ರೇಣವ್ವ ನಕ್ಕು ನಕ್ಕು ಚಾಪೆಯ ಮೇಲೆ ಉರುಳಿದಳು. ಗೌರವ್ವನಿಗೂ ಅಂಟಿತು. ಸಂಗಪ್ಪ ಮಾತ್ರ ತಲೆಯ ಮೇಲೆ ಕೈಹೊತ್ತು, “ಶಿರಾ ಖಾಲಿ ಆತಲ್ಲೋ ಶಿವನೇ” ಎಂದ. ಅದೇ ಹೊತ್ತಿಗೆ ಬಾಗಿಲಲ್ಲಿ ಮುಧೋಳದವರು ನಿಂತಿದ್ದರು.

ಹುಡುಗಿಯ ಅಪ್ಪ ಕಾಳಿನ ವ್ಯಾಪಾರಿ, ಎತ್ತರದ ಆಳು. ಒಳಗೆ ನೋಡಿದ. ಖಾಲಿ ತಾಟುಗಳು, ಹೊಸ ಚಾದರ, ಅದರ ಮೇಲೆ ಗಂಡ, ಹೆಂಡತಿ, ಒಬ್ಬಳು ಮುದುಕಿ.

“ಒಂದ ದಿನಕ್ಕ ಎರಡು ಕನ್ಯಾದವ್ರನ್ನ ಕರಸೀರೇನು? ಯಾರದು ಹೆಚ್ಚು ಬರ್ತೈತಿ ನೋಡಿ ಅವ್ರಿಗೆ ಕೊಡಾವ್ರೇನು?” ಎಂದವನೇ ಚಪ್ಪಲಿ ಕಳಚದೆ ಹಿಂತಿರುಗಿದ.

ಮಹೇಶನ ಮುಖದಲ್ಲಿ ರಕ್ತವಿರಲಿಲ್ಲ. ಸಂಗಪ್ಪ ಹಿಂದೆ ಓಡಿದ. ನಾನು ಹೇಳಲು ಹೋದೆ. ಮನೆ ಮಾರಿಸುವವಳು, ತಪ್ಪಿ ಬಂದೆ ಎಂದರೆ ಯಾರು ನಂಬಿಯಾರು? “ಮಾರೂ ಮನೀಗೆ ಹೆಣ್ಣು ಕೊಡೂದಾ?” ಎಂದು ಆತ ಇನ್ನಷ್ಟು ಕೆರಳಿದ. ನನ್ನ ಒಂದು ಕಿವಿಯ ತಪ್ಪಿನಿಂದ ಒಂದು ಸಂಬಂಧವೇ ಮುರಿಯುತ್ತಿತ್ತು.

ಮಾಯವ್ವ ಎದ್ದಳು. ಓಣಿಯಲ್ಲಿ ಆತನ ಮುಂದೆ ಹೋಗಿ ನೀಲಿ ಅಂಗೈ ಎರಡೂ ಅಗಲಿಸಿ ನಿಂತಳು. “ತಮ್ಮಾ, ನಿಲ್ಲು. ಬೀರಪ್ಪ ದೇವರ ಆಣಿ, ನಾವು ಮನಿ ಕೊಳ್ಳಾಕ ಬಂದಾವ್ರು. ಹಾದಿ ತಪ್ಪಿ ಬಂದೀವಿ. ನೀನು ಇಲ್ಲಿ ಏನ ಕೇಳಬೇಕಂತ ಬಂದಿದ್ದಿ?”

“ಕೇಳೂದೇನು... ನೋಡಿ ಹೋಗೂಣಂತ ಬಂದಿದ್ವಿ.”

“ಕೇಳಾಕ ನಿನಗ ನಾಚಿಕಿ ಬರ್ತೈತಿ, ಬೀಗರಲ್ಲ? ನಮಗ ಬರೂದಿಲ್ಲ. ಎಲ್ಲಾ ಕೇಳೀವಿ. ಉತಾರ ಅಂವನ ಹೆಸರಿಗೈತಿ. ಪಾಲು ಆಗೇತಿ. ಕೋರ್ಟು ಕಚೇರಿ ಇಲ್ಲ. ತೊಲಿಗೆ ಹುಳ ಹತ್ತಿಲ್ಲ. ಹಿಂದಿನ ಗ್ವಾಡಿ ನೀರು ಕುಡದೈತಿ, ಮಾಡಸ್ತೀನಿ ಅಂದಾನ. ಬೇಡಿಕಿ ಕೇಳಿದ್ರ ಒಂದು ಪೈಸಾ ಬ್ಯಾಡಂದ. ಅದನ್ನ ನಿನ್ನ ಮುಂದ ಅಂದಿದ್ರ ಶೋಕಿಗೆ ಅಂದಾನು ಅನ್ನಬಹುದಿತ್ತು. ನಮ್ಮ ಮುಂದ ಅಂದಾನ. ಹುಡಗ ಎಲೆಅಡಿಕಿ ಮುಟ್ಟೂದಿಲ್ಲಂತ.”

ಓಣಿಯ ಮಗ್ಗಗಳು ಒಂದೊಂದಾಗಿ ನಿಂತು ಜನ ಹೊರಗೆ ಬಂದಿದ್ದರು. ಹುಡುಗಿಯ ಅಜ್ಜಿ ಮುಂದೆ ಬಂದು ಮಾಯವ್ವನನ್ನು ಪಕ್ಕಕ್ಕೆ ಕರೆದಳು. “ಅಡಗಿಮನಿ?” ಎಂದಳು ಮೆಲ್ಲಗೆ.

“ನೆರಳು ಛಲೋ ಐತಿ. ಹೊಗಿ ಹೊರಗ ಹೋಗತೈತಿ.”

“ಅತ್ತಿ?”

“ನಗತಾಳ” ಎಂದಳು ಮಾಯವ್ವ.

ಅಜ್ಜಿ ಮಗನ ಕಡೆ ತಿರುಗಿ, “ಚಪ್ಲಿ ಬಿಡೋ” ಎಂದಳು. ಆತ ಬಿಟ್ಟ. ಮಹೇಶ ಗೋಡೆಗೆ ಒರಗಿ ಉಸಿರು ಬಿಟ್ಟ ಸಪ್ಪಳ ನನಗೆ ಕೇಳಿತು. ಗೌರವ್ವ ಮತ್ತೆ ರವೆ ಹುರಿಯಲು ಕುಳಿತಳು, ರೇಣವ್ವ ಸಕ್ಕರೆ ಅಳೆದುಕೊಟ್ಟಳು.

ಶಿರಾ ಮುಗಿಸಿ ಗುಡಿಯ ಹಿಂದಿನ ಓಣಿಗೆ ನಾವು ಹೊರಟರೆ ಒಬ್ಬರೂ ಹಿಂದೆ ಉಳಿಯಲಿಲ್ಲ. ಬನಹಟ್ಟಿಯವರು, ಮುಧೋಳದವರು ಎಲ್ಲ ಸೇರಿ ದಿಬ್ಬಣದಂತೆ ಹೋದೆವು. ಸುಶೀಲಾಬಾಯಿ ಬಾಗಿಲಲ್ಲೇ ನಿಂತು ಗದ್ದಕ್ಕೆ ಕೈ ಹಚ್ಚಿದರು. “ಅಗಬಾಯಿ! ಇಷ್ಟು ಮಂದಿ ಇರಲಿಕ್ಕೇನು?”

ತಾಲೀಮು ಅಲ್ಲಿಗೆ ಪೂರಾ ಮಣ್ಣುಗೂಡಿತು. ರೇಣವ್ವ ನಲ್ಲಿ ಕಂಡು ಕೂಗಿದಳು. ಅಡುಗೆಮನೆಯ ಒಳಗೇ ಇತ್ತು. ಮಾಯವ್ವ ಮುಂದಿನ ಕಟ್ಟೆಯ ಮೇಲೆ ಕುಂತವಳು ಏಳಲೇ ಇಲ್ಲ. ಓಣಿಯಲ್ಲಿ ಬಸ್ಸು ತಿರುಗುವುದು ದೂರದ ಮಾತು, ಆಟೊ ತಿರುಗುವುದೂ ಕಷ್ಟವಿತ್ತು. ಬೀರಪ್ಪ ಅಂಗಳದಲ್ಲಿ ನಿಂತು ಮೇಲೆ ನೋಡಿ, “ಆಕಾಶ ಕಾಣ್ತೈತ್ರಿ. ಸಾಕು” ಎಂದ. ಹತ್ತು ಜನ ಒಮ್ಮೆಲೇ ಹೊಗಳುವ ಮನೆಗೆ ರೇಟು ಇಳಿಸುವುದು ಹೇಗೆ ಎಂದು ನಾನು ತಲೆ ಕೆಡಿಸಿಕೊಂಡೆ.

ಕಾಳಿನ ವ್ಯಾಪಾರಿ ನನ್ನನ್ನು ಪಕ್ಕಕ್ಕೆ ಸರಿಸಿದ. “ನೀವು ಸುಮ್ನಿರ್ರಿ ಅಕ್ಕಾರ. ನನ್ನ ಮಗಳ ಮನಿಯ ತನಿಖಿ ಇವ್ರು ಮಾಡ್ಯಾರ. ಇವ್ರ ಮನಿಯ ಚೌಕಾಸಿ ನಾ ಮಾಡ್ತೀನಿ.” ಅದನ್ನು ನೋಡುವುದೇ ಒಂದು ಭಾಗ್ಯ. ಆತ ದನಿ ಏರಿಸಲಿಲ್ಲ, ಒಮ್ಮೆಯೂ ಮನೆಯನ್ನು ಹೀಗಳೆಯಲಿಲ್ಲ. ಮಿರಜಿನ ಅಕ್ಕನ ಬಗ್ಗೆ ಕೇಳಿದ, ಇಬ್ಬರೂ ಯಾವ ಯಾವ ಊರು ನೋಡಬೇಕೆಂದಿದ್ದೀರಿ ಎಂದು ಕೇಳಿದ, ಮಳೆ ಹಿಡಿದರೆ ತಿರುಗಾಟ ತಡವಾದೀತು ಎಂದು ಪೇಚಾಡಿದ. ಸುಶೀಲಾಬಾಯಿ ಕೊನೆಗೆ ತಾವೇ, “ಲೌಕರ್, ಲಗೂನ ಮುಗಿಸಿಬಿಡೋಣ ಬಿಡ್ರಿ” ಎಂದರು. ನನ್ನ ಕೆಲಸ ಮತ್ತೊಬ್ಬರು ನನಗಿಂತ ಛಲೋ ಮಾಡಿದ್ದನ್ನು ನಾನು ಚೂಡಾ ತಿನ್ನುತ್ತ ನೋಡಿ ಕಲಿತೆ. ಮುಂದೆ ಎಷ್ಟೋ ಮನೆಗಳಲ್ಲಿ ಅದೇ ರೀತಿ ಮಾತಾಡಿದೆ.

ಕಾಗದಪತ್ರ ನೋಡಿಸಿ, ಖರೀದಿ ನೋಂದಣಿ ಮಾಡಿಸಿ, ಮಳೆಗಾಲಕ್ಕೆ ಮುಂಚೆ ಬೀರಪ್ಪನ ಮನೆಯವರು ಅಲ್ಲಿಗೆ ಹೋದರು. ಅದೇ ವಾರ ಮಹೇಶನ ಮದುವೆ. ನನಗೆ ಕೂಡಿಸಿದವಳೆಂದು ಸೀರೆ ಉಡಿಸಿದರು. ಬೇಡವೆಂದರೂ ಕೇಳಲಿಲ್ಲ. ವಿಷಯ ತಿಳಿದ ಚಾಚಾ, “ಎರಡು ಧಂದಾ ಒಂದ ದಿನಕ್ಕ ಮಾಡಬ್ಯಾಡ ಬೇಟಿ” ಎಂದರು. ಆಮೇಲೆ ನಾನು ಯಾವ ಮನೆಗೆ ಹೋದರೂ ಹೊಸ್ತಿಲಲ್ಲೇ, “ಈ ಮನಿ ಮಾರೂದು ಹೌದಲ್ರಿ?” ಎಂದು ಕೇಳದೆ ಒಳಗೆ ಕಾಲಿಡಲಿಲ್ಲ. ಹೊಸಬರು ಇದೊಂದನ್ನು ನೆನಪಿಡಲಿ, ಕೈಯಲ್ಲಿ ಫೋಟೊ ಇದ್ದರೂ ಕೇಳಲಿ.

ಬೀರಪ್ಪನ ಹೊಸ ಮನೆಯ ಹಾಲು ಉಕ್ಕಿಸುವ ದಿನ ಬೆಳಿಗ್ಗೆ ಹೋಗಿದ್ದೆ. ಊಟವಾದ ಮೇಲೆ ಮಾಯವ್ವ ಇದ್ದಕ್ಕಿದ್ದಂತೆ ಹೊರಗೆ ಹೋಗಿ ಬಾಗಿಲು ಎಳೆದುಕೊಂಡಳು. ಒಳಗಿನಿಂದ ಚಿಲಕ ಹಾಕಿಕೊಳ್ಳಿ ಎಂದಳು. ರೇಣವ್ವ ಹಾಕಿದಳು. ಹೊರಗಿನಿಂದ ಬಾಗಿಲು ಬಡಿದ ಸಪ್ಪಳ.

“ಯಾರದು?” ಎಂದಳು ರೇಣವ್ವ.

“ನಾನು. ಈ ಮನಿಯಾಕಿ!”

ತೆರೆದರೆ ಮುದುಕಿ ಹೊಸ್ತಿಲ ಆಚೆ ನಿಂತು ಬೊಚ್ಚುಬಾಯಿ ಬಿಟ್ಟು ನಗುತ್ತಿದ್ದಳು. ಬಾಡಿಗೆಯ ಮನೆಯಲ್ಲಿ ಹೊರಬಾಗಿಲು ಮಾಲಕರದಾಗಿತ್ತಂತೆ. ಬಾಗಿಲು ಬಡಿದಾಗೆಲ್ಲ ಅವರ ಗೊಣಗಾಟ ಕೇಳಿಯೇ ಒಳಗೆ ಬರಬೇಕಿತ್ತಂತೆ. ಅವಳು ಮತ್ತೆ ಹೊರಗೆ ಹೋದಳು, ಮತ್ತೆ ಬಡಿದಳು. ಆಮೇಲೆ ರೇಣವ್ವನ ಸರದಿ. ಆಮೇಲೆ ಬೀರಪ್ಪ, ಅವನು ಬಡಿಯುವ ಬದಲು ಬಾಯಿಂದ ಬಸ್ಸಿನ ಹಾರ್ನ್ ಹೊಡೆದ. ಓಣಿಯ ಜನ ನೋಡುತ್ತಿದ್ದರೂ ಯಾರೂ ನಿಲ್ಲಿಸಲಿಲ್ಲ.

“ಕಮಲಕ್ಕಾ, ನೀನೂ ಹೋಗವ್ವಾ” ಎಂದು ಮಾಯವ್ವ ನನ್ನನ್ನು ಹೊರಗೆ ನೂಕಿ ಚಿಲಕ ಹಾಕಿದಳು.

ಬಾಗಿಲ ಮುಂದೆ ನಿಂತೆ. ಒಳಗೆ ಮೂವರೂ ಉಸಿರು ಬಿಗಿಹಿಡಿದು ಕಾಯುತ್ತಿದ್ದರು, ರೇಣವ್ವನ ನಗೆ ಮಾತ್ರ ಸಂದಿಯಿಂದ ಸೋರುತ್ತಿತ್ತು. ಬಡಿದೆ.

“ಯಾರದು?” ಎಂದು ಮೂರೂ ದನಿಗಳು ಒಟ್ಟಿಗೆ ಕೂಗಿದವು.